ಎಡಗಡೆ ಬಟನ್ನಿನ ನಿಂಬೆಹಣ್ಣು

ರವಿಕಿರಣನಿಗೆ ಕೋಪ ಬಂದರೆ ಮೊದಲು ಕೈ ಮಾತಾಡುತ್ತದೆ, ಬಾಯಿ ಆಮೇಲೆ. ಬೂದಿಕೋಟೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಅಲ್ಲಿಂದ ಬಂಗಾರಪೇಟೆಗೆ ಓಡಾಡುವ ಬಸ್ಸುಗಳ ಕಂಡಕ್ಟರುಗಳೂ ಬಲ್ಲರು. ಫುಟ್‌ಬೋರ್ಡು ಬಿಟ್ಟು ಒಳಗೆ ಹೋಗಪ್ಪಾ ಎಂದದ್ದಕ್ಕೆ ಅವರಲ್ಲೊಬ್ಬನ ಕಾಲರು ಹರಿದು ಇವನ ಕೈಗೆ ಬಂದದ್ದುಂಟು. ಒಮ್ಮೆ ತನ್ನನ್ನು ಒದ್ದ ಹಸುವಿಗೆ ತಿರುಗಿ ಒದ್ದು, ತನ್ನದೇ ಕಾಲ್ಬೆರಳು ಮುರಿದುಕೊಂಡು ಹದಿನೈದು ದಿನ ಕುಂಟಿದ್ದ. ಹಸು ಅವತ್ತು ಸಂಜೆಯೂ ಎಂದಿನಂತೆ ಹಾಲು ಕೊಟ್ಟಿತು.

ಇಂಥವನು ವಿಜಯದಶಮಿಯ ಬೆಳಿಗ್ಗೆ ಹನ್ನೊಂದು ಗಂಟೆಗೆ ಊರಿಗಾಂನ ಕೋದಂಡಪ್ಪನ ತಗಡು ಬಗ್ಗಿಸುವ ಶೆಡ್ಡಿನಲ್ಲಿ ಕೂತು ಕಂಪ್ಯೂಟರಿನ ಕಪಾಳಕ್ಕೆ ಹೊಡೆಯುತ್ತಿದ್ದ. ಹಿಂದಿನ ದಿನ ಆಯುಧಪೂಜೆಯಲ್ಲಿ ಹಚ್ಚಿದ್ದ ಕುಂಕುಮ ಹೊಡೆತಕ್ಕೆ ಉದುರಿ ಕೀಬೋರ್ಡಿನ ಮೇಲೆಲ್ಲಾ ಚೆಲ್ಲಿತ್ತು.

“ಒಡೀಬೇಡ ಕಣ್ಲಾ ರವಿ. ಪೂಜೆ ಮಾಡಿರೋ ಸಾಮಾನು,” ಎಂದ ಕೆಂಪಣ್ಣ.

“ಪೂಜೆ ಮಾಡಿದ್ರೆ ಬುದ್ಧಿ ಬತ್ತದಾ ಮಾವ ಇದಕ್ಕೆ?”

ಕೆಂಪಣ್ಣ ಅವನ ಸೋದರಮಾವ. ಐವತ್ತೆಂಟು ವರ್ಷದ, ಮಾತು ಕಡಿಮೆಯ ಮನುಷ್ಯ. ದೊಡ್ಡ ಫ್ಯಾಕ್ಟರಿಗೆ ಬೇಕಾದ ತಗಡುಗಳನ್ನು ಬಗ್ಗಿಸುವ ಎಂಬತ್ತು ಟನ್ನಿನ ಪ್ರೆಸ್ಸು ನಡೆಸುವವನು ಅವನೇ. ಶೆಡ್ಡಿನಲ್ಲಿ ರವಿಗೆ ಕೆಲಸ ಕೊಡಿಸಿದವನೂ ಅವನೇ. ಬಲಗೈ ನೆಟ್ಟಗಿದೆ. ಎಡಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳು, ಕಿರುಬೆರಳು ಹನ್ನೊಂದು ವರ್ಷದ ಹಿಂದೆ ಇದೇ ಪ್ರೆಸ್ಸಿನ ಬಾಯಿಗೆ ಹೋದವು.

ಹೋದದ್ದು ಹೇಗೆಂದು ಊರಿಗೆ ಗೊತ್ತಿರುವುದು ಒಂದು ಕಥೆ, ನಡೆದದ್ದು ಇನ್ನೊಂದು. ಆ ಪ್ರೆಸ್ಸಿಗೆ ಎರಡು ಬಟನ್ನು, ಎಡಕ್ಕೊಂದು ಬಲಕ್ಕೊಂದು, ಒಂದೊಂದರ ಸುತ್ತಲೂ ಕಬ್ಬಿಣದ ಬಳೆ. ಎರಡನ್ನೂ ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಮೇಲಿನ ದವಡೆ ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ದವಡೆಯೊಳಗೆ ಇಡಲು ಮೂರನೆಯ ಕೈ ದೇವರು ಕೊಟ್ಟಿಲ್ಲವಲ್ಲ, ಅದೇ ಅದರ ಜಾಣತನ. ಆದರೆ ಆಗ ಇಪ್ಪತ್ತಮೂರರ ರವಿಗೆ ಒಂದು ಕೈ ಫೋನಿಗೆ ಬೇಕಿತ್ತು. ಆಯುಧಪೂಜೆಯಲ್ಲಿ ಮಿಕ್ಕ ನಿಂಬೆಹಣ್ಣೊಂದನ್ನು ಎಡಗಡೆಯ ಬಳೆಯೊಳಗೆ ತುರುಕಿದ. ಹಣ್ಣು ಬಟನ್ನನ್ನು ಒತ್ತಿ ಹಿಡಿದುಕೊಂಡಿತು. ಬಲಗಡೆಯದನ್ನಷ್ಟೇ ಒತ್ತುತ್ತಾ, ಫೋನು ನೋಡುತ್ತಾ ಕೆಲಸ ಮಾಡಿದ. ಆ ಕಡೆ ಕೆಂಪಣ್ಣ ತಗಡು ಸರಿಮಾಡುತ್ತಿದ್ದುದನ್ನು ನೋಡಲಿಲ್ಲ.

ಬೆರಳೆರಡು ಕೆಳಗೆ ಬಿದ್ದ ಮೇಲೆ ಕೆಂಪಣ್ಣ ಕೂಗಲಿಲ್ಲ. ರಕ್ತ ಸುರಿಯುತ್ತಿದ್ದ ಕೈಯಿಂದಲೇ ನಿಂಬೆಹಣ್ಣನ್ನು ಕಿತ್ತು ತಗಡಿನ ಚೂರು ಹಾಕುವ ಡಬ್ಬಕ್ಕೆ ಎಸೆದ. ಓಡಿಬಂದ ಕೋದಂಡಪ್ಪನಿಗೆ “ನಂದೇ ತಪ್ಪು ಸಾಮಿ, ಕೈ ಎತ್ತಕ್ಕೆ ಮರ್ತೆ” ಎಂದು ಹೇಳಿ ಆಮೇಲೆ ಪ್ರಜ್ಞೆ ತಪ್ಪಿದ. ಹೆಂಡತಿ ವೆಂಕಟಲಕ್ಷ್ಮಮ್ಮನಿಗೂ ಅದನ್ನೇ ಹೇಳಿದ. ಹನ್ನೊಂದು ವರ್ಷದಿಂದ ಆಕೆ ಗಂಡನ ಮರೆವನ್ನು ಬೈಯುತ್ತಾ ಬಂದಿದ್ದಾಳೆ, ಪಕ್ಕದ ಮನೆಯ ರವಿ ಕೇಳಿಸಿಕೊಳ್ಳುತ್ತಾ ಬಂದಿದ್ದಾನೆ. ಒಂದು ದಿನವೂ ಬಾಯಿ ಬಿಟ್ಟವನಲ್ಲ. ಅವನ ಕೋಪಕ್ಕೆಲ್ಲ ಬೇರು ಅಲ್ಲೇ ಇತ್ತೆಂದು ನನ್ನ ಲೆಕ್ಕ. ತಪ್ಪು ನುಂಗಿಕೊಂಡವನಿಗೆ ಹೊಟ್ಟೆಯಲ್ಲಿ ಬೇರೇನೂ ಅರಗುವುದಿಲ್ಲ.

ಆಗ ಪ್ರೆಸ್ಸಿಗೆ ಕಂಪ್ಯೂಟರು ಜೋಡಿಸಿ ಕೊಟ್ಟಿದ್ದವರು ಶ್ರೀಧರ್ ಎಂಬ ಎಂಜಿನಿಯರು. ಗದಗಿನ ಕಡೆಯವರು, ದೊಡ್ಡ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ವಾಸ. ಕಂಪ್ಯೂಟರಿಗೆ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿ ಪ್ರೆಸ್ಸನ್ನು ಅದರ ಹಿಡಿತಕ್ಕೆ ತಂದಿದ್ದರು. ಕೆಂಪಣ್ಣನ ಬೆರಳು ಹೋದ ವಾರ ಅವರು ಮತ್ತೆ ಬಂದು ಎರಡು ದಿನ ಕೂತು ಏನೋ ಬರೆದು ಹೋದರು. ಅಲ್ಲಿಂದ ಮುಂದೆ ಆ ಕಂಪ್ಯೂಟರನ್ನು ಒರೆಸಿದವರುಂಟು, ಪೂಜೆ ಮಾಡಿದವರುಂಟು, ಅಪ್‌ಡೇಟ್ ಮಾಡಿದವರು ಒಬ್ಬರೂ ಇಲ್ಲ. ನಡೆಯುತ್ತಿರುವುದನ್ನು ಕೆಣಕಬಾರದೆಂಬುದು ಕೋದಂಡಪ್ಪನ ಸಿದ್ಧಾಂತ.

ಈಗ ದೊಡ್ಡ ಫ್ಯಾಕ್ಟರಿಯವರೇ ಕೆಣಕಿದ್ದರು. ಇನ್ನು ಮುಂದೆ ಡ್ರಾಯಿಂಗು ಪೆನ್‌ಡ್ರೈವಿನಲ್ಲಿ ಕೊಡುವುದಿಲ್ಲ, ನೆಟ್‌ವರ್ಕಿನಲ್ಲೇ ಬರುತ್ತದೆ. ಇಂಥಾ ಹಳೆಯ ಕಂಪ್ಯೂಟರಿಗೆ ನಮ್ಮ ಕೇಬಲ್ಲು ಸಿಕ್ಕಿಸಲು ಬಿಡುವುದಿಲ್ಲ. ಹಬ್ಬದ ಮಾರನೆಯ ದಿನ ಬಂದು ನೋಡುತ್ತೇವೆ, ಎಂದು ಹೇಳಿ ಹೋಗಿದ್ದರು. ಹೊಸದೊಂದು ಕಂಪ್ಯೂಟರ್ ತರಿಸೋಣ ಎಂದು, ಅಲ್ಲಿಲ್ಲಿ ನೋಡಿ ಕಂಪ್ಯೂಟರ್ ಕೆಲಸ ಕಲಿತಿದ್ದ ರವಿ ಹೇಳಿದ್ದಕ್ಕೆ ಕೋದಂಡಪ್ಪ, “ಇರೋದನ್ನೇ ಹೊಸದು ಮಾಡ್ರಾ, ಅದಕ್ಕೇ ನಿನ್ನ ಇಟ್ಕೊಂಡಿರೋದು” ಎಂದಿದ್ದ. ಪ್ರೆಸ್ಸು ನಿಲ್ಲುವುದು ಹಬ್ಬದ ಎರಡು ದಿನ ಮಾತ್ರ. ಪೂಜೆಗಿಟ್ಟ ಆಯುಧವನ್ನು ದಶಮಿ ಕಳೆದು ಮಾರನೆಯ ಬೆಳಿಗ್ಗೆ ತೆಂಗಿನಕಾಯಿ ಒಡೆದೇ ಎತ್ತಬೇಕೆಂಬುದು ಆ ಶೆಡ್ಡಿನ ರೂಢಿ. ಅದಕ್ಕೇ ಕೆಂಪಣ್ಣ, ನೀನು ಮುಟ್ಟುವುದಾದರೆ ನಾನೂ ಜೊತೆಗಿರುತ್ತೇನೆಂದು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಜೊತೆಗೇ ಬಂದಿದ್ದ. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿಯಲ್ಲಿ, ಮಡಿಯ ಮನುಷ್ಯನಂತೆ ಸ್ಟೂಲಿನ ಮೇಲೆ ಕೂತಿದ್ದ.

ಪ್ರೆಸ್ಸಿನ ಎರಡೂ ಕಡೆ ಬಾಳೆಕಂದು ಕಟ್ಟಿತ್ತು. ಅಡ್ಡಲಾಗಿ, ಬಟನ್ನುಗಳನ್ನೂ ಮುಚ್ಚುವ ಹಾಗೆ ದಪ್ಪನೆಯ ಚೆಂಡುಹೂವಿನ ಹಾರ. ಬಾಗಿಲಲ್ಲಿ ಒಡೆದ ಬೂದುಗುಂಬಳ ಹೊಟ್ಟೆಯೊಳಗಿನ ಕುಂಕುಮ ಕಾರಿಕೊಂಡು ಎರಡು ಹೋಳಾಗಿ ಬಿದ್ದಿತ್ತು.

ಬೆಳಿಗ್ಗೆ ಆರಕ್ಕೇ ಶುರುವಾದ ಕೆಲಸ. ರವಿ ಕೋಪಿಷ್ಠನಾದರೂ ಕೆಲಸಗಳ್ಳನಲ್ಲ. ಮೊದಲಿಗೆ ಹಳೆಯ ಡಿಸ್ಕನ್ನು ಇದ್ದಂತೆಯೇ ಇನ್ನೊಂದಕ್ಕೆ ನಕಲು ಮಾಡಿ ಬೀರುವಿನಲ್ಲಿಟ್ಟಿದ್ದ. ಆಮೇಲೆ ಅಪ್‌ಗ್ರೇಡಿಗೆ ಕೈ ಹಾಕಿದ. ಹಳೆಯ ಪ್ಯಾಕೇಜುಗಳನ್ನು, ಎಂದರೆ ಪ್ರೋಗ್ರಾಮಿನ ಕಟ್ಟುಗಳನ್ನು, ಇಳಿಸಿಕೊಳ್ಳುತ್ತಿದ್ದ ವಿಳಾಸಕ್ಕೆ ಹೋದರೆ ಅಲ್ಲಿ ಅಂಗಡಿಯೇ ಇಲ್ಲ, ಎತ್ತಿಕೊಂಡು ಹೋಗಿ ಯಾವ ಕಾಲವಾಯಿತೋ. ಫೋನಿನ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹುಡುಕಿ ಅವು ಇರುವ ಉಗ್ರಾಣ ಕಂಡುಹಿಡಿದ. ಅರ್ಧ ಇಳಿದ ಮೇಲೆ ಜಗಳ ಶುರುವಾಯಿತು. ಇದು ಬೇಕಾದರೆ ಮೊದಲು ಅದು ಬೇಕು. ಅದು ಬೇಕಾದರೆ ಮತ್ತೊಂದರ ಹೊಸದು ಬೇಕು. ಹೊಸದು ಬಂದರೆ ಹಳೆಯದು ಹೋಗಬೇಕು. ಹಳೆಯದನ್ನು ನಂಬಿಕೊಂಡು ಇನ್ನೊಂದು ಕೂತಿದೆ, ಅದು ಹೋಗಗೊಡುವುದಿಲ್ಲ. ಜಮೀನು ಭಾಗದ ಪಂಚಾಯಿತಿಯಂತೆ: ಅಣ್ಣ ಸಹಿ ಹಾಕಿದರೆ ತಮ್ಮ ಹಾಕುತ್ತಾನಂತೆ, ತಮ್ಮ ಹಾಕಿದರೆ ಅಣ್ಣ ಹಾಕುತ್ತಾನಂತೆ, ಮಧ್ಯದಲ್ಲಿ ಅಕ್ಕ ಬಂದು ಹೆಬ್ಬೆಟ್ಟು ಒತ್ತುವುದಿಲ್ಲ ಅನ್ನುತ್ತಾಳೆ. ಎತ್ತು ಏರಿಗೆ, ಕೋಣ ನೀರಿಗೆ. ಈಗ ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ, ಮುರಿದುಬಿದ್ದ ಪ್ಯಾಕೇಜುಗಳ ಪಟ್ಟಿ ಪರದೆಯ ಮೇಲೆ ಕೆಂಪಗೆ ಹರಿಯುತ್ತಲೇ ಇತ್ತು.

ರವಿ ಮೌಸ್ ಕಿತ್ತು ಗೋಡೆಗೆ ಎಸೆದ. ಅದು ಎರಡು ಹೋಳಾಯಿತು.

“ಮೌಸ್ ಇಲ್ದೆ ಎಂಗೆ ಮಾಡ್ತೀಯಲಾ?” ಎಂದ ಕೆಂಪಣ್ಣ.

“ಇದಕ್ಕೆ ಮೌಸ್ ಬೇಡ ಮಾವ, ಮಚ್ಚು ಬೇಕು.”

ಮಧ್ಯೆ ಮಧ್ಯೆ ಕೋದಂಡಪ್ಪ ಬಂಗಾರಪೇಟೆಯ ಮನೆಯಿಂದ ಫೋನು ಮಾಡಿ ಮೂರು ಭಾಷೆಯಲ್ಲಿ ಬೈಯುತ್ತಿದ್ದ. ಒಂದು ಗಂಟೆಗೆ ತಾನೇ ಕಾರು ಹತ್ತಿಕೊಂಡು ಬಂದ. ಹಬ್ಬದ ಊಟ ಅರ್ಧಕ್ಕೇ ಬಿಟ್ಟು ಎದ್ದ ಸಿಟ್ಟು ಮುಖದಲ್ಲಿತ್ತು. ಬಂದವನೇ ಪರದೆ ನೋಡಿದ, ಗೋಡೆ ಕೆಳಗಿನ ಮೌಸ್ ನೋಡಿದ, ಹಿಂದಿನಿಂದ ಬಂದು ರವಿಯ ಕತ್ತಿನ ಮೇಲೆ ಫಟಾರನೆ ಹೊಡೆದ.

“ಎನ್ನಡಾ ಇದು? ಆರು ಗಂಟೆಯಿಂದ ಏನ್ರಾ ಕಿತ್ತಿದ್ದು? ನಾಳೆ ಅವ್ರು ಬಂದು ನಿಂತ್ಕೊಂಡ್ರೆ ಈ ಕೆಂಪು ಅಕ್ಷರ ತೋರಿಸ್ಲಾ?”

ರವಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಯಜಮಾನನೆಂದೂ ನೋಡಲಿಲ್ಲ. ಕತ್ತು ಹಿಡಿದು ನೂಕಿಕೊಂಡು ಹೋಗಿ ಕಂಬಕ್ಕೆ ಒತ್ತಿದ. ಕೋದಂಡಪ್ಪ ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದ. ರವಿ ಬಗ್ಗಿದ, ಬಗ್ಗಿದವನು ತಲೆಯಿಂದ ಅವನ ಗಲ್ಲಕ್ಕೆ ಕೊಟ್ಟ. ಹಲ್ಲು ಹಲ್ಲಿಗೆ ಬಡಿದ ಸದ್ದು ಕೇಳಿತು. ಬಿಡಿಸಲು ಕೆಂಪಣ್ಣ ಮಧ್ಯೆ ಬಂದ. ಹೊಡೆಯಲು ಹಿಂದಕ್ಕೆ ಎಳೆದ ರವಿಯ ಮೊಣಕೈ ನೇರ ಅವನ ಬಾಯಿಗೆ ಬಿತ್ತು. ಕೆಳದುಟಿ ಸೀಳಿ, ಗದ್ದದಿಂದ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು.

ಮೂವರೂ ನಿಂತರು. ಕೆಂಪಣ್ಣ ಪಂಚೆಯ ತುದಿಯನ್ನು ತುಟಿಗೆ ಒತ್ತಿಕೊಂಡು, “ಮುಗೀತಾ?” ಎಂದ.

ರವಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಕೆಲವರು ತಲೆ ತಗ್ಗಿಸುತ್ತಾರೆ. ರವಿಗೆ ಅದೂ ಕೋಪವಾಗಿಯೇ ಹೊರಗೆ ಬರುತ್ತದೆ. ಕುರ್ಚಿ ಎತ್ತಿಟ್ಟು ಕೂತು, ಈ ಸಲ ಇದರ ಹುಟ್ಟಡಗಿಸದೆ ಏಳುವುದಿಲ್ಲ ಎಂದು ಪಟ್ಟಿಯನ್ನು ಬುಡದಿಂದ ಓದಿದ. ಯಾವುದು ಯಾವುದನ್ನು ಹಿಡಿದುಕೊಂಡಿದೆ ಎಂದು ಒಂದೊಂದಾಗಿ ಎಳೆ ಬಿಡಿಸುತ್ತಾ ಹೋದರೆ, ಎಲ್ಲಾ ಎಳೆಗಳೂ ಹೋಗಿ ನಿಲ್ಲುತ್ತಿದ್ದುದು ಒಂದೇ ಒಂದು ಪುಟಾಣಿ ಪ್ಯಾಕೇಜಿನ ಹತ್ತಿರ. ಅದು ಲೈಬ್ರರಿ ಎಂಬ ಹಳೆಯ ಕೋಡಿನ ಕಟ್ಟೊಂದನ್ನು ಕಚ್ಚಿ ಹಿಡಿದಿತ್ತು, ಬಿಡುತ್ತಿರಲಿಲ್ಲ. ಇದನ್ನು ಯಾರೂ ಕದಲಿಸಕೂಡದೆಂದು ಯಾರೋ ಅದಕ್ಕೆ ಗುರುತು ಹಾಕಿ ತಡೆದಿಟ್ಟಿದ್ದರು. ಅದರ ಹೆಸರು ‘ಕೆಂಪಣ್ಣ’.

ರವಿ ಎರಡು ಸಲ ಓದಿಕೊಂಡ. ಆಮೇಲೆ ತಿರುಗಿ ನೋಡಿದ.

“ಮಾವ, ನಿನ್ನೆಸರಲ್ಲಿ ಇದೇನೋ ಐತೆ ಇದರೊಳಗೆ?”

ಕೆಂಪಣ್ಣ ಪಂಚೆ ತೆಗೆದು ಉಗುಳಿ, ನೆನಪು ಮಾಡಿಕೊಂಡು ಹೇಳಿದ: “ಶ್ರೀಧರ್ ಸಾರು ಅವತ್ತು ಏಳಿದ್ರು ಕಣ್ಲಾ. ಕೆಂಪಣ್ಣಾರೆ, ನಿಮ್ಮೆಸರಲ್ಲಿ ಒಂದು ಕಾವಲು ಇಟ್ಟೀನಿ, ಯಾರ್ಗೂ ತೆಗೆಯಕ್ಕೆ ಬಿಡ್‌ಬ್ಯಾಡಿ ಅಂತ. ಅದೇ ಇರ್ಬೇಕು. ಮುಟ್ಬೇಡ.”

“ಕಾವಲು ಅಂದ್ರೆ ಏನು ಮಾಡ್ತದೆ ಅದು?”

“ಅದು ನಂಗೆಲ್ಲಿ ಗೊತ್ತಾಯ್ತದೆ? ಅವ್ರನ್ನೇ ಕೇಳು.”

ರವಿ ಶ್ರೀಧರರಿಗೆ ಫೋನು ಮಾಡಿದ. ಹಬ್ಬಕ್ಕೆ ಊರಿಗೆ ಹೋಗಿದ್ದಾರೆಂದು ತೋರುತ್ತದೆ, ಎತ್ತಲಿಲ್ಲ. ಮತ್ತೆ ಮಾಡಿದ. ಮೂರನೆಯ ಸಲವೂ ಎತ್ತಲಿಲ್ಲ.

“ಅವ್ರು ಎತ್ತೋವರ್ಗೂ ಕಾಯಾಣ,” ಎಂದ ಕೆಂಪಣ್ಣ.

“ಕಾಯಾಣ ಅಂತೆ! ನಾಳೆ ಬರೋರಿಗೂ ಅದೇ ಹೇಳು!” ಎಂದು ಕೋದಂಡಪ್ಪ ಗಲ್ಲ ಉಜ್ಜಿಕೊಳ್ಳುತ್ತಲೇ ಕಿರುಚಿದ.

ರವಿಯ ತಲೆಯೂ ಅದೇ ಲೆಕ್ಕ ಹಾಕುತ್ತಿತ್ತು. ಪ್ರೆಸ್ಸು ನಡೆಸುವ ಹೊಸ ಪ್ರೋಗ್ರಾಮಿನಲ್ಲೂ ಎರಡು ಕೈಯ ವ್ಯವಸ್ಥೆ ಇದೆ ಎಂದು ಅವನು ಓದಿದ್ದ. ಶ್ರೀಧರರು ಬರೆದದ್ದು ಇನ್ನೇನಿದ್ದೀತು? ಅದೇ ಇರಬೇಕು. ಹೊಸದರಲ್ಲಿ ಇರುವುದಕ್ಕೆ ಹಳೆಯದೇಕೆ? ಅರ್ಧ ಸರಿಯಾದ ಯೋಚನೆ ಪೂರ್ತಿ ತಪ್ಪಿಗಿಂತ ಕೆಟ್ಟದ್ದು, ಆದರೆ ಅದನ್ನು ಆಗ ಅವನಿಗೆ ಹೇಳುವವರಾರು.

“ತೆಗೀತೀನಿ,” ಎಂದ.

ಕೆಂಪಣ್ಣ ಎದ್ದು ಬಂದು ಕೀಬೋರ್ಡಿನ ಮೇಲೆ ಕೈ ಇಟ್ಟ. ಮೂರು ಬೆರಳಿನ ಕೈ. “ಬ್ಯಾಡ.”

“ಕೈ ತೆಗಿ ಮಾವ.”

“ಬ್ಯಾಡ ಅಂದ್ನಲ್ಲಾ.”

ರವಿ ಆ ಕೈಯನ್ನು ಹಿಡಿದು ಕಿತ್ತೆಸೆದ. ಎಸೆದ ಜೋರಿಗೆ ಕೆಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಸ್ಟೂಲಿಗೆ ತಾಗಿ ಬಿದ್ದ. ರವಿ ಎತ್ತಲು ಹೋಗಲಿಲ್ಲ. ಬಲವಂತದ ಆಜ್ಞೆ ಕೊಟ್ಟ. ಇದು ಮುಖ್ಯವಾದದ್ದು, ತೆಗೆದರೆ ಅಪಾಯ, ಎಂದು ಕಂಪ್ಯೂಟರು ಎಚ್ಚರಿಸಿತು. ಬರೀ ‘ಹೌದು’ ಎಂದರೆ ಒಪ್ಪುವುದಿಲ್ಲವಂತೆ. ತೆಗೆಯಲೇಬೇಕೆಂದಿದ್ದರೆ ‘ಹೌದು, ನಾನು ಹೇಳಿದ ಹಾಗೆ ಮಾಡು’ ಎಂದು ಪೂರ್ತಿ ವಾಕ್ಯ ಟೈಪು ಮಾಡಬೇಕಂತೆ. ಬೆಳಿಗ್ಗೆಯಿಂದ ರವಿ ಬಾಯಲ್ಲಿ ಹೇಳುತ್ತಿದ್ದುದೂ ಅದನ್ನೇ. ಒಂದೊಂದು ಅಕ್ಷರವನ್ನೂ ಮೊಳೆ ಹೊಡೆದಂತೆ ಹೊಡೆದ.

‘ಕೆಂಪಣ್ಣ’ನನ್ನು ತೆಗೆಯಲಾಗುತ್ತಿದೆ, ಎಂದು ಒಂದು ಸಾಲು ಬಂದು ಹೋಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏಳು ಗಂಟೆ ಕಾಲ ಅಲ್ಲಾಡದ ಗಂಟು ಒಂದೇ ಏಟಿಗೆ ಬಿಚ್ಚಿಕೊಂಡಿತು. ಪ್ಯಾಕೇಜುಗಳು ಸಾಲುಗಟ್ಟಿ ಇಳಿದು ತಮ್ಮ ತಮ್ಮ ಜಾಗದಲ್ಲಿ ಕೂತವು. ಕೆಂಪು ಅಕ್ಷರ ಮಾಯವಾಯಿತು. ಮೂರೂವರೆಗೆ ಕಂಪ್ಯೂಟರು ಹೊಸದಾಗಿ ಎದ್ದು ಕೂತಿತು. ಪ್ರೆಸ್ಸಿನ ಮೋಟಾರು ಹಾಕಿದಾಗ ಗುಂಯ್‌ಗುಟ್ಟಿ ಎಣ್ಣೆ ಏರಿತು, ಹಸಿರು ದೀಪ ಹತ್ತಿತು. ಕೋದಂಡಪ್ಪನಿಗೆ ಗಲ್ಲದ ನೋವೂ ಮರೆತುಹೋಯಿತು.

“ಸೂಪರ್‌ಡಾ ರವಿ! ಕೆಂಪಣ್ಣಾ, ಒಂದು ತಗಡು ಇಟ್ಟು ಒತ್ತಿ ನೋಡು.”

ಕೆಂಪಣ್ಣ ಜಾಗದಿಂದ ಕದಲಲಿಲ್ಲ. “ಬದನೆಕಾಯಿ ತಂದಿಲ್ಲ ಸಾಮಿ.”

ಇದು ಅವನ ಹನ್ನೊಂದು ವರ್ಷದ ನಿಯಮ. ದಿನಾ ಬೆಳಿಗ್ಗೆ ಮನೆಯಿಂದ ಒಂದು ಬದನೆಕಾಯಿ ತರುತ್ತಾನೆ. ಅದನ್ನು ದವಡೆಯೊಳಗಿಟ್ಟು ಬರೀ ಒಂದು ಬಟನ್ನು ಒತ್ತುತ್ತಾನೆ. ದವಡೆ ಇಳಿಯದಿದ್ದರೆ ಮಾತ್ರ ಆ ದಿನದ ಕೆಲಸ ಶುರು. ಬದನೆಕಾಯಿ ಸಂಜೆ ಪುನಃ ಮನೆಗೆ ಹೋಗಿ ಸಾರಿಗೆ ಬೀಳುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಬದನೆಕಾಯಿಯೂ ಜಜ್ಜಿಹೋದದ್ದಿಲ್ಲ. ಶೆಡ್ಡಿನಲ್ಲಿ ಇದೊಂದು ನಗೆಯ ವಿಷಯ.

“ಬದನೆಕಾಯಿ ಇಲ್ಲಾಂತ ಇವತ್ತು ಪ್ರೆಸ್ಸು ನಿಲ್ಸಬೇಕಾ?” ಎಂದು ಕೋದಂಡಪ್ಪ ಬಾಗಿಲಲ್ಲಿದ್ದ ಕಬ್ಬಿಣದ ಬಕೆಟ್ಟನ್ನು ಒದ್ದ.

“ಆ ಬೂದುಗುಂಬಳದ ಚೂರು ತತ್ತೀನಿ ತಡೀರಿ,” ಎಂದು ಕೆಂಪಣ್ಣ ಬಾಗಿಲ ಕಡೆ ಹೊರಟ.

ರವಿಗೆ ಅಷ್ಟೇ ಸಾಕಾಯಿತು. ತಾನು ಏಳು ಗಂಟೆ ಹೆಣಗಿ ಗೆದ್ದದ್ದನ್ನು ಮಾವ ಒಂದು ಕುಂಬಳಕಾಯಿಯಲ್ಲಿ ಪರೀಕ್ಷೆ ಮಾಡುತ್ತಾನಂತೆ. ಸೀಳಿದ ತುಟಿ, ಬಿದ್ದಾಗ ಮಣ್ಣಾದ ಪಂಚೆ, ಆ ಮೂರು ಬೆರಳು, ಎಲ್ಲವೂ ಒಟ್ಟಿಗೆ ತನ್ನನ್ನೇ ಬೈಯುತ್ತಿರುವ ಹಾಗೆ ಅನಿಸಿತು. ಪ್ರೆಸ್ಸಿನ ಮುಂದೆ ಹೋಗಿ ನಿಂತ.

“ಕುಂಬಳಕಾಯಿ ಯಾಕೆ? ತಗೋ, ಇದನ್ನಿಟ್ಟು ನೋಡು!” ಎಂದು ತನ್ನ ಬಲಗೈಯನ್ನೇ ಮಣಿಕಟ್ಟಿನ ತನಕ ದವಡೆಯೊಳಗೆ ಚಾಚಿದ. “ಒತ್ತಿ ಸಾರ್ ಬಲಗಡೇದು! ಒಂದು ಬಟನ್‌ಗೆ ಇಳಿಯಲ್ಲ ಇದು. ನನ್ನ ಕೆಲಸದ ಮೇಲೆ ನಂಗೆ ನಂಬಿಕೆ ಐತೆ. ಒತ್ತಿ!”

ಕೋದಂಡಪ್ಪನಿಗೂ ಅದು ಆಟದಂತೆ ಕಂಡಿತೋ, ಹುಂಬತನಕ್ಕೆ ಹುಂಬತನ ಸೇರಿತೋ. ಒಂದು ಬಟನ್ನಿಗೆ ಇಳಿಯುವುದಿಲ್ಲವೆಂದು ಅವನಿಗೂ ಗೊತ್ತು. ನಗುತ್ತಾ ಪ್ರೆಸ್ಸಿನ ಹತ್ತಿರ ಬಂದು ಹಾರದ ಬಲತುದಿಯ ಒಳಗೆ ಕೈ ಹಾಕಿದ.

ಬಾಗಿಲಲ್ಲಿ ಕುಂಬಳದ ಹೋಳು ಎತ್ತಿಕೊಂಡು ತಿರುಗಿದ ಕೆಂಪಣ್ಣ ಇದನ್ನು ಕಂಡ. ಕಂಡಾಗ ಅವನಿಗೆ ನೆನಪಾದದ್ದು ಹಾರದ ಎಡತುದಿ. ನಿನ್ನೆ ಪೂಜೆಯ ಹೊತ್ತಿನಲ್ಲಿ ತಾನೇ ಅಲ್ಲಿಟ್ಟದ್ದು. ಪ್ರತಿ ವರ್ಷ ಇಡುತ್ತಿದ್ದದ್ದು. ಬೆರಳು ತಿಂದ ಬಟನ್ನು ಇನ್ನು ಯಾರದನ್ನೂ ತಿನ್ನದಿರಲೆಂದು, ಶಾಂತಿಗೆ, ಎಡಗಡೆಯ ಬಳೆಯೊಳಗೆ ಅರಿಶಿನ ಕುಂಕುಮ ಹಚ್ಚಿದ ಒಂದು ನಿಂಬೆಹಣ್ಣು. ಮಾರನೆಯ ಬೆಳಿಗ್ಗೆ ಕಾಯಿ ಒಡೆದ ಮೇಲೆ ಮೊದಲು ತೆಗೆಯುತ್ತಿದ್ದದ್ದೂ ಅದನ್ನೇ. ಇವತ್ತು ಕಾಯಿ ಒಡೆದಿಲ್ಲ.

ಕೂಗಲು ಸಮಯವಿರಲಿಲ್ಲ. ಕುಂಬಳದ ಹೋಳನ್ನು ಎಸೆದು ಕೆಂಪಣ್ಣ ಓಡಿದ. ಐವತ್ತೆಂಟು ವರ್ಷದ ಮುದುಕ, ತಲೆ ಬಗ್ಗಿಸಿಕೊಂಡು, ಟಗರು ನುಗ್ಗಿದ ಹಾಗೆ ನುಗ್ಗಿ ರವಿಯ ಪಕ್ಕೆಗೆ ಗುದ್ದಿದ. ಮೂಳೆ ಮುರಿದದ್ದು ರವಿಗೇ ಕೇಳಿಸಿತು. ಅವನು ಹಾರಿ ಹೋಗಿ ಬಾಳೆಕಂದಿನ ಮೇಲೆ ಬಿದ್ದ. ಅದೇ ಹೊತ್ತಿಗೆ ಎಂಬತ್ತು ಟನ್ನಿನ ದವಡೆ ಧಡ್ಡನೆ ಇಳಿದು ಕಚ್ಚಿಕೊಂಡಿತು.

ರವಿ ಹಬ್ಬಕ್ಕೆಂದು ತೊಟ್ಟಿದ್ದ ಹೊಸ ಅಂಗಿಯ ತೋಳು ಮೊಣಕೈಯಿಂದ ಹರಿದು ಅಲ್ಲೇ ಉಳಿದಿತ್ತು. ದವಡೆಯ ತುಟಿಯಿಂದ ಅಂಗಿಯ ಒಂದು ಗುಂಡಿ ನೆಲಕ್ಕೆ ಬಿದ್ದು ಉರುಳಿತು. ಹಾರ ಹರಿದು ಜಾರಿತು. ಎಡಗಡೆಯ ಬಳೆಯೊಳಗೆ ನಿಂಬೆಹಣ್ಣು ಎಲ್ಲರ ಕಣ್ಣಿಗೂ ಕಂಡಿತು.

ರವಿ ತನ್ನ ಕೈಯನ್ನು ಮುಖದ ಮುಂದೆ ಹಿಡಿದುಕೊಂಡು ಬೆರಳು ಎಣಿಸಿದ. ಐದಿದ್ದವು. ಮತ್ತೆ ಎಣಿಸುವಷ್ಟರಲ್ಲಿ ಕೆಂಪಣ್ಣ ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿ ಕೂರಿಸಿದ್ದ. ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡದವನು ಎಡಗೈ ಎತ್ತಿ ಅವನ ಬಲಗೆನ್ನೆಗೆ ಹೊಡೆದ. ಎಡಗೈಯಿಂದ ಹೊಡೆಸಿಕೊಳ್ಳುವುದೆಂದರೆ ಹೊಡೆತಕ್ಕಿಂತ ದೊಡ್ಡ ಅವಮಾನ. ಕೆಂಪಣ್ಣ ಅದೇ ಕೈಯಿಂದ ಮತ್ತೆ ಹೊಡೆದ, ಮತ್ತೆ ಹೊಡೆದ, ಅದೇ ಕೆನ್ನೆಗೆ, ಸೀಳಿದ ತುಟಿಯಿಂದ ರಕ್ತ ಸಿಡಿಯುವ ಹಾಗೆ ಬೈಯುತ್ತಾ.

“ಅವತ್ತೇ ಒಡೀಬೇಕಿತ್ತು ನಿನ್ನ! ಅವತ್ತೇ ಒಡ್ದಿದ್ರೆ ಇವತ್ತು ಕೈ ಇಡ್ತಿರ್ಲಿಲ್ಲ ನೀನು! ಬಾಯಿ ಮುಚ್ಕೊಂಡಿದ್ದು ನಂದೇ ತಪ್ಪು ಕಣ್ಲಾ, ನಂದೇ ತಪ್ಪು!”

ರವಿ ತಡೆಯಲಿಲ್ಲ. ಕೈ ಎತ್ತಲೂ ಇಲ್ಲ. ಪಕ್ಕೆಯ ನೋವಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ. ಕೋದಂಡಪ್ಪ ಗೋಡೆಗೊರಗಿ ಕೂತು ತನ್ನ ಒತ್ತಿದ ಕೈಯನ್ನೇ ನೋಡುತ್ತಿದ್ದ, ಆಮೇಲೆ ಎದ್ದು ಹೊರಗೆ ಹೋಗಿ ವಾಂತಿ ಮಾಡಿದ.

ಆಗ ರವಿಯ ಫೋನು ಬಡಿದುಕೊಂಡಿತು. ಶ್ರೀಧರ್.

“ಬನ್ನಿ ತಗೊಂಡು ಬಂಗಾರದಂಗ ಇರೂಣು ರವಿ! ಮುಂಜಾನಿಂದ ಮನಿಮನಿಗೆ ಬನ್ನಿ ಎಲಿ ಕೊಡೂದ್ರಾಗ ಫೋನ್ ಮನ್ಯಾಗ ಬಿಟ್ಟಿದ್ನೆಪಾ. ಏನು, ಮೂರು ಸಲ ಮಾಡೀರಲ್ಲ?”

ರವಿ ಉಸಿರು ಕಟ್ಟಿಕಟ್ಟಿ ಹೇಳಿದ.

“ಎರಡು ಕೈ ಎಲ್ಲಾದರಾಗೂ ಇರ್ತದೋ ತಮ್ಮಾ,” ಎಂದರು ಶ್ರೀಧರರು. “ಒಂದು ಬಟನ್ ಅರ್ಧ ಸೆಕೆಂಡಕ್ಕಿಂತ ಜಾಸ್ತಿ ಮೊದಲ ಒತ್ತಿಕೊಂಡಿದ್ರ ದವಡಿ ಇಳೀಬಾರದು, ಅದನ್ನ ನಾ ಬರದಿದ್ದು. ನಿಂಬಿಹಣ್ಣು ತುರುಕಿದ್ರ ನಡೀಬಾರದು ಅಂತ. ಡಬ್ಬಿಯೊಳಗ ರಕ್ತ ಹತ್ತಿದ ನಿಂಬಿಹಣ್ಣು ನಾನೂ ನೋಡಿದ್ದೆ. ನಿಮ್ಮ ಮಾವ ಕೈಮುಗದು, ಯಾರಿಗೂ ಹೇಳಬ್ಯಾಡ್ರಿ, ಹುಡುಗ ಸಣ್ಣಾಂವ ಅಂದ್ರು. ಹೇಳಲಿಲ್ಲ. ಬರದಿಟ್ಟೆ.”

ಹಳೆಯ ಡಿಸ್ಕಿನ ನಕಲನ್ನು ವಾಪಸ್ಸು ಹಾಕಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ರವಿ ಪಕ್ಕೆಗೆ ಟವೆಲು ಬಿಗಿದುಕೊಂಡು ಕೂತೇ ಮಾಡಿದ, ಆಸ್ಪತ್ರೆಗೆ ಆಮೇಲೆ ಹೋದರಾಯಿತೆಂದ. ಹಳೆಯದು ಪ್ರೆಸ್ಸಿಗೆ ಮಾತ್ರ ಇರಲಿ, ನೆಟ್‌ವರ್ಕಿಗೆ ಪಕ್ಕದಲ್ಲಿ ಹೊಸದೊಂದನ್ನು ಇಡಿ, ಬಂದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಎಂದು ಶ್ರೀಧರರು ಹೇಳಿದ್ದರು. ಕೋದಂಡಪ್ಪ ಹೊಸ ಕಂಪ್ಯೂಟರ್ ತರಿಸಲು ಅಂಗಡಿಗೆ ಫೋನು ಮಾಡಿದ. ಪರದೆಯ ಮೇಲೆ ‘ಕೆಂಪಣ್ಣ’ ಮತ್ತೆ ತನ್ನ ಜಾಗದಲ್ಲಿ ಕೂತಿದ್ದ. ಕೆಂಪಣ್ಣ ಕುಂಬಳದ ಹೋಳು ಇಟ್ಟು, ನಿಂಬೆಹಣ್ಣು ಇದ್ದ ಹಾಗೆಯೇ ಬಲಗಡೆಯ ಬಟನ್ನು ಒತ್ತಿದ. ದವಡೆ ಇಳಿಯಲಿಲ್ಲ. ಇನ್ನೂ ಮೂರು ಸಲ ಒತ್ತಿ ನೋಡಿ ಮೋಟಾರು ನಿಲ್ಲಿಸಿದ.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಪಕ್ಕೆಗೆ ಪಟ್ಟಿ, ತುಟಿಗೆ ಎರಡು ಹೊಲಿಗೆ ಹಾಕಿಸಿಕೊಂಡು ಬೂದಿಕೋಟೆಯ ಬಸ್ಸು ಹತ್ತಿದಾಗ ಜನ ಇವರನ್ನೇ ನೋಡಿದರು. ರವಿಯ ಬಲಗೆನ್ನೆ ಊದಿ ಕೆಂಪಗಿತ್ತು. ಬಿದ್ದ ಏಟಿಗೆ ಬೆರಳು ಮೂಡಿದ್ದವು. ಮೂರೇ. ಆ ಬಸ್ಸಿನಲ್ಲಿ, ಆ ಊರಿನಲ್ಲಿ, ಅದು ಯಾರ ಕೈಯೆಂದು ಕೇಳಬೇಕಾದವರು ಒಬ್ಬರೂ ಇರಲಿಲ್ಲ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋದ.

ಮನೆಯ ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮ ನಿಂತಿದ್ದಳು. ಗಂಡನ ಹೊಲಿಗೆ ಹಾಕಿದ ತುಟಿ ನೋಡಿದಳು, ಅಂಗಿಯ ರಕ್ತ ನೋಡಿದಳು, ರವಿಯ ಕೆನ್ನೆ ನೋಡಿದಳು.

“ಇದೇನ್ರೀ? ಹುಡುಗನ್ಗೆ ಒಡೆದ್ರಾ? ನೀವು?”

“ಬಿಡೇ, ಮಷೀನ್‌ದು ಏನೋ ಮಾತು,” ಎಂದು ಕೆಂಪಣ್ಣ ಒಳಗೆ ಹೋಗಲು ನೋಡಿದ.

ರವಿ ದಾರಿಗೆ ಅಡ್ಡ ನಿಂತ. “ಮಾವ ಮರ್ತಿರ್ಲಿಲ್ಲ ಅತ್ತೆ. ಅವತ್ತು ಕೈ ಎತ್ತಕ್ಕೆ ಮರ್ತಿರ್ಲಿಲ್ಲ. ಎಡಗಡೆ ಬಟನ್‌ಗೆ ನಿಂಬೆಹಣ್ಣು ತುರುಕಿ ಒತ್ತಿದೋನು ನಾನು. ಫೋನ್ ನೋಡ್ತಾ ಇದ್ದೆ. ಬೆರಳು ತೆಗೆದಿದ್ದು ನಾನೇ.”

ವೆಂಕಟಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. ಕೆಂಪಣ್ಣ ನೆಲ ನೋಡುತ್ತಿದ್ದ. ಅಷ್ಟರಲ್ಲೇ ಆಕೆಗೆ ಉತ್ತರ ಸಿಕ್ಕಿತು. ಹನ್ನೊಂದು ವರ್ಷ ತಾನು ಬೈದ ಬೈಗುಳವೆಲ್ಲಾ ಒಂದೇ ಸಲ ಆಕೆಯ ಮುಖಕ್ಕೆ ಬಂದಿತು. ಬಂದು ರವಿಯ ಎಡಗೆನ್ನೆಯ ಮೇಲೆ ಬಿದ್ದಿತು. ಬೀದಿಯ ನಾಯಿಗಳು ಎದ್ದು ಬೊಗಳಿದವು.

ಆ ಕಡೆ ಐದೂ ಮೂಡಿದವು.

ರವಿ ಅಲ್ಲೇ ನಿಂತಿದ್ದ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗೆ ಹೋಗಿ, ಎರಡು ತಟ್ಟೆ ಇಟ್ಟು ಮುದ್ದೆ ಬಡಿಸಿದಳು. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು, ಬೈದುಕೊಳ್ಳುತ್ತಲೇ ಮೂರನೆಯದನ್ನೂ ಇಟ್ಟಳು.